ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು

ಲಿಂಗಸುಗೂರು
೧೯-೪-೧೯೯೯, ಸೋಮವಾರ

ಪ್ರೀತಿಯ ತಂಗಿ ಶೇಖರಮ್ಮಾ,

ಬೀದರಿನಲ್ಲಿ ಹೇಗಿದ್ದೀಯಾ? ನೆಗಡಿ ಕಡಿಮೆಯಾಯಿತೋ ಇಲ್ಲವೋ? ಕಾಲೇಜಿನಲ್ಲಿ ಕೂಗಿ ಕೂಗಿ ಪಾಠ ಮಾಡಿ ಗಂಟಲು ಕೆಡಿಸಿಕೊಳ್ಳಬೇಡ, ಬಿಸಿನೀರು ಕುಡಿ. ಇಲ್ಲಿ ನಾನು, ಅವ್ವ ಹೇಗೋ ಇದ್ದೇವೆ. ಬಿಸಿಲಿಗೆ ಅಂಗಡಿಯ ಬೆಲ್ಲವೆಲ್ಲ ಕರಗಿ ಚೀಲಕ್ಕೆ ಅಂಟಿಕೊಂಡಿದೆ.

ಇನ್ನು ನಿನ್ನ ಕಂಪ್ಯೂಟರಿನ ವಿಷಯ. ಸಿಂಧನೂರಿನಲ್ಲಿ ಮುಚ್ಚಿಹೋದ ತರಬೇತಿ ಕೇಂದ್ರದಿಂದ ಆ ಹಳೇ ಪೆಟ್ಟಿಗೆ ತಂದು, ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿ, ಅಪ್ಪನ ಭಜನೆಯ ಕ್ಯಾಸೆಟ್ಟನ್ನು ಅದರೊಳಗೆ ಇಳಿಸಿ, ನೀನೇನೋ ಬಸ್ಸು ಹತ್ತಿದೆ. ಎಣ್ಣೆ ಅಳೆಯುವ ನನ್ನ ಕೈಗೆ ಕೀಬೋರ್ಡು ಕೊಟ್ಟು ಹೋದ ಪುಣ್ಯಾತ್ಗಿತ್ತಿ ನೀನು. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಉಳಿದದ್ದು ಆ ದನಿಯೊಂದೇ. ದಿನಾ ಸಂಜೆ ದೀಪ ಹಚ್ಚಿ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಕೂತವಳು, "ನಿಮ್ಮಪ್ಪನ ದನಿ ಮಬ್ಬಾಗೈತಿ, ಒಳಗ ಗುಂಯ್ ಅಂತೈತಿ" ಎನ್ನುತ್ತಾಳೆ.

ನೀನು ಬರೆದಂತೆ ಎಲ್ಲ ಮಾಡಿದೆ. ಪರದೆಯ ಮೇಲೆ ದನಿ ಏರಿಸಿ ಇಳಿಸುವ ಮಿಕ್ಸರ್ ತೆರೆದು ಬೇಡದ ಮೈಕನ್ನು ಸೊನ್ನೆಗೆ ಇಳಿಸಿದೆ, ಸುಂಯ್ ಎನ್ನುವುದು ನಿಂತಿತು. ಸೌಂಡ್ ಕಾರ್ಡು ಕಿತ್ತು ಆಚೆಯ ಸಂದಿಗೆ ಕೂರಿಸಿದೆ, ಕರಕರ ಹೋಯಿತು. ಗುಂಯ್ ಮಾತ್ರ ಉಳಿಯಿತು. ಕರೆಂಟಿನ ತಂತಿಯನ್ನು ನೆಲಕ್ಕಿಳಿಸಿದ ಹಿತ್ತಲಿನ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ಗುಂಯ್ ಎನ್ನುತ್ತಿರಬೇಕು, ಉಪ್ಪು ಇದ್ದಲು ಹಾಕಿ ನೀರು ಹೊಯ್ಯಿರಿ ಎಂದು ಬರೆದಿದ್ದೆಯಲ್ಲ, ಅದನ್ನು ಅವ್ವನ ಎದುರು ಕೂತು ಓದಿ ಹೇಳಿದ್ದೇ ತಡ, ಆ ಗುಂಡಿಯ ಇಟ್ಟಿಗೆಗೆ ವಿಭೂತಿ ಬಿತ್ತು! ಅಂದಿನಿಂದ ದಿನಾ ಬೆಳಿಗ್ಗೆ ಮೊದಲ ಕೊಡ ಪೂಜೆಗೆ, ಎರಡನೆಯದು ಗುಂಡಿಗೆ. ನಲ್ಲಿ ಬಾರದ ದಿನವೂ ಬಿಡುವುದಿಲ್ಲ. ಬೇಡವೆಂದು ಗದರಿದರೆ, "ನಿಮ್ಮಪ್ಪನ ಗಂಟಲ ಒಣಗೇತಿ" ಎಂದು ಕೊಡ ಎತ್ತುತ್ತಾಳೆ. ಎರಡೇ ದಿನಕ್ಕೆ ನನ್ನ ಕಿವಿಗೆ ಗುಂಯ್ ಪೂರ್ತಿ ಹೋಯಿತು. ಅವ್ವ ಮಾತ್ರ ಇನ್ನೂ ಐತಿ ಎನ್ನುತ್ತಿದ್ದಳು. ನನಗೆ ಸಿಟ್ಟು ಬಂದು ಒಂದೆರಡು ಮಾತು ಜೋರಾಗಿಯೇ ಅಂದುಬಿಟ್ಟೆ.

ನಿನ್ನೆ ಸಂಜೆ ಕೊನೆಗೂ ಒಪ್ಪಿದಳು. ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದು, ಕೈಮುಗಿದು ಎದ್ದವಳು, "ಇವತ್ತು ಚೊಲೋ ಕೇಳಾಕತ್ತಿತ್ತು ನೋಡು. ಶೇಖರಿಗೆ ಬರದ ಹಾಕು, ಇನ್ನ ಚಿಂತಿ ಮಾಡಬ್ಯಾಡ ಅಂತ" ಎಂದಳು. ಅವಳ ಮಾತಿನಂತೆ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಂಬಿದ ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಹಂಪಣ್ಣ

ಮತ್ತೊಂದು: ಅವ್ವ ನೀರಿಗೆ ಹೋಗಿದ್ದಾಳೆ, ಬರುವಷ್ಟರಲ್ಲಿ ಬರೆಯುತ್ತೇನೆ. ನಿನ್ನೆ ಧೂಳು ಹೊಡೆಯುವಾಗ ಸ್ಪೀಕರಿನ ವೈರು ಕಿತ್ತಿದ್ದೆ, ಸಿಕ್ಕಿಸಲು ಮರೆತೆ. ಅವ್ವ ತಾಳ ಹಾಕುತ್ತಿದ್ದಷ್ಟು ಹೊತ್ತೂ ಪೆಟ್ಟಿಗೆಯಿಂದ ಒಂದು ಚೂರೂ ದನಿ ಬರುತ್ತಿರಲಿಲ್ಲ. ಅವಳ ಕಿವಿ ಹೋಗಿದೆ, ಶೇಖರಿ; ಕೊನೆಗೆ ಉಳಿದ ಗುಂಯ್ ಪೆಟ್ಟಿಗೆಯದಲ್ಲ, ಅವಳ ಕಿವಿಯೊಳಗಿನದು. ನಮಗೆ ತ್ರಾಸಾಗದಿರಲಿ ಎಂದು ಕೇಳುತ್ತದೆ ಅಂದಳು. ಅವಳು ಮಲಗಿದ ಮೇಲೆ ವೈರನ್ನು ಮತ್ತೆ ಸಿಕ್ಕಿಸಿಟ್ಟೆ. ನೀನು ಫೋನು ಮಾಡಬೇಡ, ರಜೆ ಹಾಕಿ ಬಾ. ಬಂದವಳು ದೀಪದ ಬೆಳಕಿಗೆ ಮುಖ ಕೊಟ್ಟು, ಅವಳ ಎದುರಿಗೇ ಕೂತು ಮಾತಾಡು. ನಿನ್ನ ತುಟಿ ಅವಳಿಗೆ ಕಾಣಬೇಕು.