ಅಜ್ಜಿಗೆ ಮಿನುಗಿದ ಕೆಂಪು ದೀಪ

ಮಾರ್ಚ್ ೧೨, ಗುರುವಾರ

ಇವತ್ತು ಮಾಡಬಾರದ ಕೆಲಸ ಮಾಡಿ ಬಂದೆ. ಹದಿನೆಂಟು ವರ್ಷದಿಂದ ಮನೆಮನೆಗೆ ಕಳ್ಳರ ಅಲಾರಂ ಕೂರಿಸುತ್ತಿದ್ದೇನೆ. ಇವತ್ತಿನ ಮನೆಯಲ್ಲಿ, ಓಡಾಟ ಹಿಡಿಯುವ ಸೆನ್ಸರನ್ನು ಮುಂಬಾಗಿಲಿಗೆ ಹಾಕೋಣವೆಂದರೆ ಮನೆಯೊಡತಿ ಬೇಡವೆಂದಳು.

"ಅಡುಗೆಮನೆ ಕಡೆ ತಿರುಗಿಸಿ. ನಮ್ಮತ್ತೆ ರಾತ್ರಿ ಎದ್ದು ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕ್ತಾರೆ. ಒಂದ್ಸಲ ಅಲಾರಂ ಬಡ್ಕೊಂಡ್ರೆ ಸಾಕು, ಬುದ್ಧಿ ಬರುತ್ತೆ."

ಗಂಡ ಪಕ್ಕದಲ್ಲೇ ನಿಂತು ಫೋನು ತೀಡುತ್ತಿದ್ದ. ಹೆತ್ತ ತಾಯಿ! ಥೂ.

ನಾನೇನು ಕಡಿಮೆಯೇ? ತೆಪ್ಪಗೆ ಏಣಿ ಹತ್ತಿದೆ. ಕೂರಿಸಿದ ಮೇಲೆ ಯಾರಾದರೂ ಎದುರಿಗೆ ನಡೆದು ನೋಡಬೇಕು. ಸೆನ್ಸರ್ ಹಿಡಿದರೆ ಕೆಂಪು ದೀಪ ಮಿನುಗುತ್ತದೆ.

"ನಾನು ನಡೀತೀನಿ ತಾಳಪ್ಪ," ಎನ್ನುತ್ತ ಒಳಕೋಣೆಯಿಂದ ಆ ಅತ್ತೆ, ಅಜ್ಜಿಯೇ ಎದ್ದು ಬಂದರು. ಗೋಡೆ ಹಿಡಿದು, ಒಂದೊಂದೇ ಹೆಜ್ಜೆ. ದೀಪ ಮಿನುಗಲೇ ಇಲ್ಲ. ಅಷ್ಟು ನಿಧಾನದ ನಡಿಗೆ ಅದರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಅಜ್ಜಿ ಬಚಾವಾಗುತ್ತಿದ್ದರು. ಆದರೆ ನನ್ನ ಕೆಲಸದ ಜಂಬ ಬಿಡಬೇಕಲ್ಲ! ಮತ್ತೆ ಹತ್ತಿ ಸೆನ್ಸರನ್ನು ಇನ್ನಷ್ಟು ಚುರುಕುಗೊಳಿಸಿ, ಅವರನ್ನು ಮೂರು ಸಲ ನಡೆಸಿದೆ. ಮೂರನೆಯದಕ್ಕೆ ಮಿನುಗಿತು. ಅಜ್ಜಿ ಮಗುವಿನಂತೆ ಚಪ್ಪಾಳೆ ತಟ್ಟಿದರು.

"ಇನ್ನು ಕಳ್ಳ ತಪ್ಪಿಸ್ಕೊಳ್ಳಲ್ಲ, ಅಲ್ವೇನಪ್ಪ?"

"ಇಲ್ಲ ಅಜ್ಜಿ," ಅಂದೆ. ಈ ಬಾಯಲ್ಲೇ ಅಂದೆ.

ಹೊರಡುವಾಗ ಸೊಸೆಗೆ ಕಾಣದಂತೆ ನನ್ನ ಕೈಗೆ ಎರಡು ಬಿಸ್ಕತ್ತು ತುರುಕಿದರು. ಅದೇ ಡಬ್ಬದವು. "ಎಷ್ಟು ಸಲ ಏಣಿ ಹತ್ತಿ ಇಳಿದೆ, ಹಸಿದಿರ್ತೀಯ," ಎಂದರು.

ಇನ್ನೂ ಅಂಗಿಯ ಜೇಬಿನಲ್ಲೇ ಇವೆ. ತಿನ್ನೋಣವೆಂದರೆ ಬಾಯಿ ತೆರೆಯುತ್ತಿಲ್ಲ, ಎಸೆಯೋಣವೆಂದರೆ ಕೈ ಬರುತ್ತಿಲ್ಲ.