ಘಾಟಿ ಹತ್ತಿದ ಕೌದಿ

ರಾಣೆಬೆನ್ನೂರು
ತಾ. 3-9-2007

ಭುವನಾ, ಮೊದಲು ನೆಟ್ಟಗೆ ಕುಳಿತು ಓದು. ಮಲಗಿಕೊಂಡು ಓದುವ ಕಾಗದ ಇದಲ್ಲ. ಹಾವೇರಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು, ರಜೆ ಹಾಕಿ ಮನಾಲಿಯ ಆಚೆ ಸೈಕಲ್ ಮೇಲೆ ಹಿಮದ ಗುಡ್ಡ ಏರುತ್ತೇನೆಂದು ಹೊರಟವಳು, ಉಸಿರು ಕಟ್ಟಿ ಬಿದ್ದ ಸುದ್ದಿಯನ್ನು ಹನ್ನೆರಡು ದಿನ ಬಿಟ್ಟು ಬರೆಯುತ್ತೀಯಾ? ಕೈಗೇನು ಲಕ್ವಾ ಹೊಡೆದಿತ್ತೇ?

ಈಗ ಹೇಗಿದ್ದೀ, ನನ್ನವ್ವಾ? ತಲೆನೋವು ಇಳಿಯಿತೇ? ಉಂಡ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ನಾನು ಇದ್ದೇನೆ. ಮೊನ್ನೆ ದೇವರಗುಡ್ಡ ಹತ್ತಿ ಬಂದಾಗಿನಿಂದ ಮೊಣಕಾಲು ನನ್ನ ಮಾತು ಕೇಳುತ್ತಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಇಷ್ಟು ಬರೆಯುವುದರೊಳಗೆ ಎರಡು ಸಲ ಅಡ್ಡಾದೆ.

ಹದಿನಾರು ಸಾವಿರ ಅಡಿ ಮೇಲೆ ಗಾಳಿಯೇ ಸಾಲುವುದಿಲ್ಲ, ಹತ್ತು ಸಲ ಪೆಡಲ್ ತುಳಿದರೆ ಒಮ್ಮೆ ಇಳಿದು ನಿಲ್ಲಬೇಕು, ಘಾಟಿಯ ತುದಿ ಕಣ್ಣಿಗೆ ಕಾಣುವಾಗಲೇ ಬಿದ್ದೆ, ಲಾರಿಯವರು ಕೆಳಗೆ ಮನಾಲಿಗೆ ತಂದರು ಎಂದು ಬರೆದಿದ್ದೀ. ಅದರ ಕೆಳಗೇ, ಅಲ್ಲಿ ಗಿಡವಿಲ್ಲ, ಹಕ್ಕಿಯಿಲ್ಲ, ಚೈನಿನ ಸದ್ದು ಬಿಟ್ಟರೆ ನನ್ನ ಎದೆಯ ಸದ್ದೊಂದೇ, ಅಷ್ಟು ಸುಖ ನನಗೆ ಎಲ್ಲೂ ಆಗಿಲ್ಲ, ದಾರಿ ಮುಚ್ಚುವ ಮೊದಲು ಇನ್ನೊಮ್ಮೆ ಏರುತ್ತೇನೆ ಎಂದೂ ಬರೆದಿದ್ದೀ. ಬಿದ್ದು ಎದ್ದವಳು ಬರೆಯುವ ಮಾತೇ ಇದು? ನಿನ್ನಪ್ಪ ಶಂಭುಲಿಂಗ ಬೀಜದ ಅಂಗಡಿಯಲ್ಲಿ ನಿಂತೇ ಓದಿ, ಕದ ಹಾಕಿಕೊಂಡು ಮನೆಗೆ ಬಂದ. "ಸಾಕ್ ಯವ್ವಾ, ಬಂದುಬಿಡು ಅಂತ ಬರಿ. ನೀ ಹೇಳಿದ್ರಷ್ಟ ಕೇಳ್ತಾಳ ಆಕಿ" ಎಂದ. ಅದಕ್ಕೇ ಈ ಕಾಗದ.

ಆದರೆ ನಿನ್ನ ಇನ್ನೊಂದು ಸಾಲು ನನ್ನನ್ನು ಹಿಡಿದು ಕೂಡಿಸಿದೆ. ಜೊತೆಯವರು ಬೇಡವೆಂದರೂ ಅಜ್ಜಿಯ ಕೌದಿಯನ್ನು ಸೈಕಲ್ ಹಿಂದೆ ಬಿಗಿದುಕೊಂಡೇ ಏರಿದೆ ಎಂಬ ಸಾಲು. ದೂರ ಹೋಗುವ ಹೆಣ್ಣಿಗೆ ಮನೆಯ ಹೆಂಗಸರ ಹಳೆ ಸೀರೆಗಳ ಕೌದಿ ಕೊಡುವುದು ನಮ್ಮ ಪದ್ಧತಿ. ಎಲ್ಲಿ ಹೋದರೂ ಬಿಟ್ಟಿರಬೇಡವೆಂದು ಹೊಸ್ತಿಲಲ್ಲಿ ಆಣೆ ಹಾಕಿಸಿಕೊಂಡವಳೂ ನಾನೇ. ನನ್ನ ಜೊತೆ ಕುಳಿತು ಅದನ್ನು ಹೊಲಿದ ಪಕ್ಕದ ಮನೆಯ ಮೆಹಬೂಬಿಗೆ ಇದನ್ನು ಓದಿ ಹೇಳಿದೆ. ಹೊಟ್ಟೆ ಹಿಡಿದು ನಕ್ಕಳು. "ಏನಬೇ ಹೊನ್ನವ್ವ, ಆಕಿ ಗುಡ್ಡ ಏರಾಕ ಹೋಗ್ಯಾಳೋ, ಗಂಡನ ಮನಿಗಿ ನಡಿಯಾಕ ಹೋಗ್ಯಾಳೋ?" ನನಗೆ ನಗು ಬರಲಿಲ್ಲ.

ಶಂಭುಲಿಂಗ ಹೇಳಿದ್ದನ್ನು ಬರೆದಿದ್ದೇನೆ. ಮೆಹಬೂಬಿ ಸಲಾಮ್ ಹೇಳಿದ್ದಾಳೆ. ಮೈಲಾರಲಿಂಗ ನಿನ್ನ ಉಸಿರು ಕಾಯಲಿ.

ನಿನ್ನ ಅಜ್ಜಿ,
ಹೊನ್ನವ್ವ

ತಾ.ಕ.: ಟಪಾಲಿನ ಹೊತ್ತಾಯಿತು, ಲಗೂ ಬರೆಯುತ್ತೇನೆ. ನಿನ್ನ ಕಾಗದ ಓದಿದ ಮೇಲೆಯೇ ನಾನು ದೇವರಗುಡ್ಡಕ್ಕೆ ಹೋದದ್ದು, ಬರಿಗೈಯಲ್ಲಿ ಹೋಗಿರಲಿಲ್ಲ. ನಿನ್ನದರ ಜೊತೆಗೇ ಹೊಲಿದ, ಅಷ್ಟೇ ಭಾರದ ಇನ್ನೊಂದು ಕೌದಿಯನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದೆ. ಅರ್ಧಕ್ಕೇ ಕುಸಿದು ಕುಳಿತೆ, ಅಲ್ಲಿ ಗಾಳಿಗೇನೂ ಬರವಿರಲಿಲ್ಲ. ಬಿಚ್ಚಿ ಕಲ್ಲಿನ ಮೇಲಿಟ್ಟು ಉಳಿದರ್ಧ ಹತ್ತಿದೆ. ಆಣೆ ನನ್ನದು, ನಾನೇ ತೆಗೆದಿದ್ದೇನೆ. ನಿನ್ನ ಕೌದಿ ಮನಾಲಿಯಲ್ಲೇ ಇರಲಿ. ಡಾಕ್ಟರು ಹೂಂ ಅಂದರೆ ಏರು. ಹತ್ತು ತುಳಿ, ಒಮ್ಮೆ ನಿಲ್ಲು. ನಿನ್ನಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ. ಅಕ್ಟೋಬರ್ ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.