ಮಲಗಿರುತ್ತೆ ಎಂಬ ಮಾತು

ಆಸ್ಪತ್ರೆಯ ಮೇಲಧಿಕಾರಿಗಳಿಗೆ,

ಹೆರಿಗೆ ವಾರ್ಡಿನಲ್ಲಿ ಕೂಗಾಡಿದ್ದಕ್ಕೆ ಕ್ಷಮೆ ಕೇಳಬೇಕೆಂಬ ನಿಮ್ಮ ನೋಟಿಸು ತಲುಪಿತು. ಕೂಗಿದ್ದು ನಿಜ.

ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ಬೆಳಗಿನಿಂದ ಕಡಿಮೆಯಾಗಿದೆ ಎಂದು ಮಗಳು ಹೇಳಿದಾಗ, ನಿಮ್ಮ ಕೌಂಟರಿನವರು ತಲೆಯನ್ನೂ ಎತ್ತದೆ, "ಮಲಗಿರುತ್ತೆ ಬಿಡಮ್ಮ, ನಾಳೆ ಬಾ" ಎಂದರು. ನನ್ನ ಚೊಚ್ಚಲ ಬಸಿರಿನಲ್ಲಿ ಇದೇ ಕೌಂಟರಿನಿಂದ ನನಗೂ ಇದೇ ಮಾತು ಬಂದಿತ್ತು. ನಂಬಿ ಮನೆಗೆ ಹೋದೆ. ಆ ಮಗು ಏಳಲೇ ಇಲ್ಲ.

ಅದಕ್ಕೇ ಈ ಸಲ, "ಮಲಗಿದ್ರೆ ಎಬ್ಬಿಸಿ ತೋರ್ಸಿ!" ಎಂದು ಕೂಗಿದೆ. ಡಾಕ್ಟರು ಓಡಿಬಂದು, ಮಗುವಿನ ಎದೆಬಡಿತ ನೋಡಿ, ತಕ್ಷಣ ಆಪರೇಷನ್ ಮಾಡಿದರು. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಕೌಂಟರಿನವರಿಗೆ ಆ ಮಾತು ಮರೆಸಿ.

'ಸದ್ದು ಮಾಡಬೇಡಿ' ಎಂಬ ನಿಮ್ಮ ಫಲಕದ ಕೆಳಗೇ ಮೊಮ್ಮಗಳು ಈಗ ಗಂಟಲು ಹರಿಯುವಂತೆ ಅಳುತ್ತಿದ್ದಾಳೆ. ಅವಳಿಗೂ ಒಂದು ನೋಟಿಸು ಕಳಿಸಿ. ಇಬ್ಬರೂ ಒಟ್ಟಿಗೇ ಉತ್ತರಿಸುತ್ತೇವೆ.

ಇತಿ,
ಕಿಟಕಿ ಪಕ್ಕದ ಬೆಡ್ಡಿನ ಬಾಣಂತಿಯ ತಾಯಿ